ಎಂಡೋಸ್ಕೋಪಿನ ತುದಿಯಲ್ಲಿ ಹೊಲಿಗೆ: ಎಡಗೈಯನ್ನು ಎಲ್ಲಿಂದ ತರುವುದು?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರ್. ಬೆಳಗಾವಿಯಲ್ಲಿ ಸಣ್ಣ ಯಂತ್ರಭಾಗಗಳನ್ನು ತಯಾರಿಸುವ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಕಳೆದ ವರ್ಷ ನಮ್ಮ ಚಿಕ್ಕಪ್ಪನ ದೊಡ್ಡ ಕರುಳಿನಲ್ಲಿದ್ದ ಪಾಲಿಪ್ (ಒಳಗೋಡೆಯಲ್ಲಿ ಬೆಳೆದ ಗಂಟು) ಒಂದನ್ನು ಕೊಲೊನೋಸ್ಕೋಪಿಯಲ್ಲಿ ತೆಗೆಯುವಾಗ ಕರುಳು ತೂತಾಯಿತು. ಅಂದೇ ಹೊಟ್ಟೆ ಕೊಯ್ದು ಹೊಲಿಯಬೇಕಾಯಿತು. ಈಗ ಆರಾಮಾಗಿದ್ದಾರೆ, ಆದರೆ ಚೇತರಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಕೊಲೊನೋಸ್ಕೋಪ್ ಆಗ ಅಲ್ಲೇ ಇತ್ತಲ್ಲ, ಅದರ ತುದಿಯಲ್ಲೇ ಒಂದು ಪುಟ್ಟ ಹೊಲಿಗೆ ಯಂತ್ರ ಇದ್ದಿದ್ದರೆ? ಒಂದು ಮಿಲಿಮೀಟರಿಗಿಂತ ಸಣ್ಣ ರಂಧ್ರಗಳನ್ನೂ ನಾವು ಕರಾರುವಾಕ್ಕಾಗಿ ಕೊರೆಯುತ್ತೇವೆ. ಇಂಥ ಸಾಧನವನ್ನು ಮಾಡುವುದರಲ್ಲಿ ಕಷ್ಟ ಎಲ್ಲಿದೆ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಚಿಕ್ಕಪ್ಪನವರು ಚೇತರಿಸಿಕೊಂಡಿದ್ದಾರೆಂದು ಓದಿ ಸಮಾಧಾನವಾಯಿತು. "ಅಲ್ಲೇ ಇತ್ತಲ್ಲ" ಎಂದು ನೀವು ಬರೆದಿರುವ ಮಾತು ಈ ಕೆಲಸದಲ್ಲಿರುವ ನಮ್ಮೆಲ್ಲರನ್ನೂ ಕಾಡುವ ಮಾತು. ತೂತು ಕಣ್ಣೆದುರಿಗಿದೆ, ಪರದೆಯ ಮೇಲೆ ಅಂಗೈಯಗಲ ಕಾಣುತ್ತಿದೆ. ಬೆಳಕಿದೆ, ತೊಳೆಯಲು ನೀರಿದೆ, ಹೀರಲು ಕೊಳವೆಯಿದೆ. ಮುಚ್ಚಲು ಮಾತ್ರ ಕೈಯಿಲ್ಲ. ಹಲವು ವರ್ಷಗಳಿಂದ ಆ ಕೈಯನ್ನು ರೂಪಿಸುವ ಪ್ರಯತ್ನದಲ್ಲಿ ನಾನೂ ಒಬ್ಬನಾಗಿರುವುದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ನಿಮ್ಮ ಕಡೆ ಕೌದಿ ಹೊಲಿಯುವುದನ್ನು ನೋಡಿಯೇ ಇರುತ್ತೀರಿ. ನೋಡುವವರ ಕಣ್ಣೆಲ್ಲ ಬಲಗೈಯ ಸೂಜಿಯ ಮೇಲೆ. ಆದರೆ ಹೊಲಿಗೆ ನಿಲ್ಲುವುದು ಎಡಗೈಯಿಂದ. ಅದು ಬಟ್ಟೆಯ ಅಡಿಯಲ್ಲಿರುತ್ತದೆ. ಪದರಗಳು ಜಾರದಂತೆ ಹಿಡಿಯುತ್ತದೆ, ಮೊನೆ ಆಚೆ ಬಂದದ್ದನ್ನು ಬೆರಳ ತುದಿಯಲ್ಲೇ ಅರಿಯುತ್ತದೆ, ಸೂಜಿಯನ್ನು ತಿರುಗಿಸಿ ಮೇಲಕ್ಕೆ ಕಳುಹಿಸುತ್ತದೆ. ಶಸ್ತ್ರಚಿಕಿತ್ಸಕರಿಗೂ ಹಾಗೆಯೇ: ಬಲಗೈಯಲ್ಲಿ ಸೂಜಿ ಹಿಡಿಯುವ ಇಕ್ಕಳ, ಎಡಗೈಯಲ್ಲಿ ಕರುಳಿನ ಅಂಚನ್ನು ಎತ್ತಿ ಕೊಡುವ ಫೋರ್ಸೆಪ್ಸ್. ಎಂಡೋಸ್ಕೋಪಿಗೆ, ಅಂದರೆ ದೇಹದೊಳಕ್ಕೆ ಇಳಿಸುವ ಕ್ಯಾಮೆರಾ ಕೊಳವೆಗೆ (ಕೊಲೊನೋಸ್ಕೋಪ್ ಅದರಲ್ಲೊಂದು ಬಗೆ), ಸಾಮಾನ್ಯವಾಗಿ ಇರುವುದು ಒಂದೇ ಕೈ, ಅದೂ ಕ್ಯಾಮೆರಾ ನೋಡುವ ದಿಕ್ಕಿನಲ್ಲೇ ಮುಂದಕ್ಕೆ ಹಿಂದಕ್ಕೆ ಚಲಿಸುವ ಒಂದು ಕಡ್ಡಿ. ನಿಮ್ಮ ವರ್ಕ್‌ಶಾಪಿನಲ್ಲಿ ಅತ್ಯುತ್ತಮ ಸೂಜಿ ತಯಾರಾಗಬಹುದು, ಅದರಲ್ಲಿ ಸಂಶಯವಿಲ್ಲ. ಆದರೆ ನೀವು ವಿನ್ಯಾಸ ಮಾಡಬೇಕಾದದ್ದು ಎಡಗೈಯನ್ನು. ಸೂಜಿಯ ಚಿತ್ರದಿಂದ ಆರಂಭವಾದ ಎಷ್ಟೋ ಯೋಜನೆಗಳು ಎಡಗೈ ಸಿಗದೆ ನಿಂತುಹೋದದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಹೊಲಿಗೆ ಯಂತ್ರವನ್ನೇ ಚಿಕ್ಕದು ಮಾಡಿದರೆ ಏನಾಗುತ್ತದೆ? ಮನೆಯ ಹೊಲಿಗೆ ಯಂತ್ರದಲ್ಲಿ ಎರಡು ದಾರಗಳಿವೆ. ಮೇಲಿನ ದಾರವನ್ನು ಸೂಜಿ ಬಟ್ಟೆಯ ಕೆಳಗೆ ಒಯ್ಯುತ್ತದೆ, ಅಲ್ಲಿ ಬಾಬಿನ್‌ನ ದಾರ ಅದನ್ನು ಕೊಂಡಿ ಹಾಕಿ ಹಿಡಿಯುತ್ತದೆ. ಕರುಳಿನ ಗೋಡೆಯ ಹಿಂದೆ ಬಾಬಿನ್ ಇಡುವವರು ಯಾರು? ಅಲ್ಲಿರುವುದು ಉದರದ ಒಳಾವರಣ, ಪಕ್ಕದ ಕರುಳಿನ ಸುರುಳಿ, ಎಲ್ಲಿ ಹೊಲಿಯುತ್ತೇವೆ ಎಂಬುದರ ಮೇಲೆ ಯಕೃತ್ತು ಅಥವಾ ಪಿತ್ತಕೋಶ. ಲಂಡನ್ನಿನ ಪಾಲ್ ಸ್ವೇನ್ ಮತ್ತು ತಿಮೋತಿ ಮಿಲ್ಸ್ 1986ರಲ್ಲಿ ಎಂಡೋಸ್ಕೋಪಿಗೆ ಜೋಡಿಸುವ ಹೊಲಿಗೆ ಯಂತ್ರವೊಂದನ್ನು ಪ್ರಕಟಿಸಿದಾಗ ಈ ಪ್ರಶ್ನೆಗೆ ಸೊಗಸಾದ ಉತ್ತರ ಕೊಟ್ಟಿದ್ದರು. ತುದಿಯಲ್ಲಿ ಒಂದು ಪುಟ್ಟ ಗೂಡು. ನಿರ್ವಾತ ಕೊಟ್ಟರೆ ಗೋಡೆಯ ಒಂದು ಮಡಿಕೆ ಆ ಗೂಡಿನೊಳಕ್ಕೆ ಹೀರಿಕೊಂಡು ಬರುತ್ತದೆ. ಹೀಗೆ ಗೋಡೆಯ "ಹಿಂಬದಿ"ಯೇ ಯಂತ್ರದ ಒಳಗೆ ಬಂದಂತಾಯಿತು. ಟೊಳ್ಳು ಸೂಜಿ ಮಡಿಕೆಯನ್ನು ದಾಟುತ್ತದೆ, ದಾರ ಕಟ್ಟಿದ ಸಣ್ಣ ಕಡ್ಡಿಯೊಂದನ್ನು ಆಚೆ ಬಿಡುತ್ತದೆ. ಎಡಗೈಯ ಜಾಗದಲ್ಲಿ ನಿರ್ವಾತ! ಇದೇ ತತ್ತ್ವದ ಮೇಲೆ ಎದೆಯುರಿಯ ಚಿಕಿತ್ಸೆಗಾಗಿ ಎಂಡೋಸಿಂಚ್ ಎಂಬ ಸಾಧನ 2000ದ ಹೊತ್ತಿಗೆ ಮಾರುಕಟ್ಟೆಗೂ ಬಂತು. ಹಾಕಿದ ಹೊಲಿಗೆಗಳು ಮಾತ್ರ ಬಹುಪಾಲು ತಿಂಗಳುಗಳಲ್ಲಿ ಸಡಿಲಾದವು, ಕಳಚಿದವು.

ಏಕೆ ಎಂದು ತಿಳಿಯಬೇಕಾದರೆ ಬಟ್ಟೆಯ ಗುಣ ತಿಳಿಯಬೇಕು. ಜಠರದ ಮತ್ತು ಕರುಳಿನ ಗೋಡೆ ಒಂದೇ ಹಾಳೆಯಲ್ಲ. ಒಳಗಿನಿಂದ ಹೊರಕ್ಕೆ ಲೋಳೆಪದರ, ಅದರ ಅಡಿಯ ಸಬ್‌ಮ್ಯೂಕೋಸಾ, ಸ್ನಾಯುಪದರ, ಕೊನೆಗೆ ತೆಳುವಾದ ಹೊರಪೊರೆ. ಅನ್ನನಾಳದ ಬಹುಭಾಗಕ್ಕೆ ಆ ಹೊರಪೊರೆಯೂ ಇಲ್ಲ. ಎಂಡೋಸ್ಕೋಪಿನಲ್ಲಿ ನಮಗೆ ಕಾಣುವ ಹೊಳೆಯುವ ಗುಲಾಬಿ ಬಣ್ಣ ಲೋಳೆಪದರದ್ದು. ಅದು ಒದ್ದೆ ಬ್ರೆಡ್ಡಿನಂತೆ, ದಾರ ಎಳೆದರೆ ಹರಿಯುತ್ತದೆ. ಹೊಲಿಗೆಯನ್ನು ಹಿಡಿದಿಡುವ ಬಲ ಇರುವುದು ಕೊಲಾಜೆನ್ ನಾರು ತುಂಬಿದ ಸಬ್‌ಮ್ಯೂಕೋಸಾದಲ್ಲಿ. ಇದನ್ನು ಅಮೆರಿಕದ ಶಸ್ತ್ರಚಿಕಿತ್ಸಕ ವಿಲಿಯಂ ಹಾಲ್‌ಸ್ಟೆಡ್ 1887ರಲ್ಲೇ ನಾಯಿಗಳ ಕರುಳಿನ ಮೇಲಿನ ಪ್ರಯೋಗಗಳಿಂದ ತೋರಿಸಿದ್ದರು. ಹಳೆಯ ಕಾಲದ ಕ್ಯಾಟ್‌ಗಟ್ ದಾರವನ್ನು ಕುರಿಯ ಕರುಳಿನ ಇದೇ ಪದರದಿಂದ ಹೊಸೆಯುತ್ತಿದ್ದರು ಎಂಬುದನ್ನು ನೆನೆದರೆ ಅದರ ಗಟ್ಟಿತನ ಅರ್ಥವಾದೀತು. ನಿರ್ವಾತಕ್ಕೆ ಮೊದಲು ಸಿಗುವುದು ಸಡಿಲವಾದ ಲೋಳೆಪದರ. ಮೇಲುಪದರ ಉಬ್ಬಿ ಗೂಡು ತುಂಬಿದರೆ ಹೊರಗಿನವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅದರಡಿಯ ಸಬ್‌ಮ್ಯೂಕೋಸಾ, ಸ್ನಾಯು ಒಳಗೆ ಬಂದಿವೆಯೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಕೌದಿಯ ಮೇಲಿನ ಪದರವನ್ನು ಮಾತ್ರ ಹೊಲಿದಂತೆ ಅದು. ನಿರ್ವಾತ ಹಿಡಿಯಿತು, ಆದರೆ ಏನನ್ನು ಹಿಡಿದಿದೆ ಎಂದು ಅರಿಯಲಿಲ್ಲ.

ಮುಂದಿನ ದೊಡ್ಡ ಹೆಜ್ಜೆ ಬಾಗಿದ ಸೂಜಿಯದು. ಹಾಂಗ್‌ಕಾಂಗಿನ ಸಿಡ್ನಿ ಚುಂಗ್ ಮತ್ತು ಅಪೊಲೊ ಎಂಬ ವೈದ್ಯರ ಗುಂಪು ಜಪಾನಿನ ಒಲಿಂಪಸ್ ಕಂಪನಿಯೊಡನೆ ಸೇರಿ ಈಗಲ್ ಕ್ಲಾ ಎಂಬ ಮಾದರಿಗಳನ್ನು ರೂಪಿಸಿತು. ಹದ್ದಿನ ಉಗುರಿನಂತೆ ಬಾಗಿದ ಸೂಜಿ, ಗೋಡೆಯನ್ನು ಕಮಾನಿನಲ್ಲಿ ದಾಟಿ ಮತ್ತೆ ಒಳಕ್ಕೇ ಬರುತ್ತದೆ. ಅದೇ ಕಾಲದಲ್ಲಿ ಈ ಕ್ಷೇತ್ರಕ್ಕೆ ಹೊಸ ತುರ್ತು ಬಂದಿತ್ತು. ಜಾನ್ಸ್ ಹಾಪ್ಕಿನ್ಸ್‌ನ ಆಂಟನಿ ಕಲ್ಲೂ ಮತ್ತು ಜೊತೆಗಾರರು 2004ರಲ್ಲಿ ಹಂದಿಗಳಲ್ಲಿ ಬಾಯಿಯ ಮೂಲಕ ಜಠರವನ್ನು ತೂರಿ ಉದರಕ್ಕೆ ಹೋದದ್ದನ್ನು ಪ್ರಕಟಿಸಿದರು. ನಮ್ಮ ನೆರೆಯ ಹೈದರಾಬಾದಿನಲ್ಲಿ ಡಾ. ಡಿ. ನಾಗೇಶ್ವರ ರೆಡ್ಡಿ ಮತ್ತು ಡಾ. ಜಿ. ವಿ. ರಾವ್ ಅದೇ ದಾರಿಯಲ್ಲಿ ಮನುಷ್ಯರ ಅಪೆಂಡಿಕ್ಸನ್ನೇ ಹೊರತೆಗೆದರು. ಬೇಕೆಂದೇ ಜಠರಕ್ಕೆ ತೂತು ಮಾಡಿ ಒಳಹೋದ ಮೇಲೆ ಅದನ್ನು ಭದ್ರವಾಗಿ ಮುಚ್ಚಲೇಬೇಕಲ್ಲ? ಆ ಶಸ್ತ್ರಕ್ರಿಯೆಗಳು ನಿರೀಕ್ಷಿಸಿದಷ್ಟು ಹರಡಲಿಲ್ಲ, ಆದರೆ ಮುಚ್ಚುವ ಸಾಧನಗಳ ಹುಡುಕಾಟಕ್ಕೆ ಅವು ಕೊಟ್ಟ ವೇಗ ಉಳಿಯಿತು.

ಆ ಹುಡುಕಾಟದಿಂದ ಬಂದು ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು ಓವರ್‌ಸ್ಟಿಚ್. ಅಮೆರಿಕದ ಅಪೊಲೊ ಎಂಡೋಸರ್ಜರಿ ಇದನ್ನು ತಯಾರಿಸಿತು. 2023ರಲ್ಲಿ ಆ ಕಂಪನಿಯನ್ನು ಬೋಸ್ಟನ್ ಸೈಂಟಿಫಿಕ್ ಕೊಂಡುಕೊಂಡಿತು. ಅದರ ಕ್ರಮವನ್ನು ಎಂಜಿನಿಯರ್ ಆಗಿ ನಿಧಾನವಾಗಿ ನೋಡಿ. ಎಂಡೋಸ್ಕೋಪಿನ ತುದಿಗೆ ಒಂದು ಟೊಪ್ಪಿ, ಅದರಲ್ಲಿ ಕೀಲಿನ ಮೇಲೆ ತಿರುಗುವ ಬಾಗಿದ ತೋಳು, ತೋಳಿನ ತುದಿಯಲ್ಲಿ ಕಳಚಿಕೊಳ್ಳುವ ಮೊನೆ. ದಾರ ಇರುವುದು ಆ ಮೊನೆಯಲ್ಲಿ. ಒಂದು ಚಾನೆಲ್‌ನಿಂದ (ಎಂಡೋಸ್ಕೋಪಿನ ಉದ್ದಕ್ಕೂ ಸಾಧನ ತೂರಿಸಲು ಇರುವ ಕೊಳವೆ) ಬಂದ ಸ್ಕ್ರೂ ಆಕಾರದ ತಂತಿ ಗೋಡೆಗೆ ತಿರುಪಿಕೊಂಡು ಅದನ್ನು ತೋಳಿನ ಬಾಯಿಗೆ ಎಳೆದು ತರುತ್ತದೆ. ತೋಳು ಗೋಡೆಯನ್ನು ದಾಟುತ್ತದೆ. ಇನ್ನೊಂದು ಚಾನೆಲ್‌ನಲ್ಲಿ ಕಾದಿರುವ ಕೊಳವೆ ಮೊನೆಯನ್ನು ಕಚ್ಚಿ ಹಿಡಿಯುತ್ತದೆ, ತೋಳು ಬರಿದಾಗಿ ಹಿಂದಿರುಗುತ್ತದೆ, ಮೊನೆಯನ್ನು ಮತ್ತೆ ತೋಳಿಗೆ ತೊಡಿಸುತ್ತಾರೆ, ಮುಂದಿನ ಹೊಲಿಗೆ. ಕೊನೆಗೆ ಆ ಮೊನೆಯನ್ನೇ ಬಿಟ್ಟರೆ ಅಡ್ಡಕಡ್ಡಿಯಂತೆ ನಿಂತು ದಾರದ ಒಂದು ತುದಿಯ ಲಂಗರಾಗುತ್ತದೆ. ಇದರಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ಕೆಲಸ ಹಂಚಿರುವ ರೀತಿ. ಹಿಡಿಯುವುದು ಸ್ಕ್ರೂ, ಮರಳಿಸುವುದು ಕೊಳವೆ. ಎಡಗೈಯ ಮೂರು ಕೆಲಸಗಳಲ್ಲಿ ಎರಡಕ್ಕೆ ನಿಜವಾದ ಉತ್ತರ ಸಿಕ್ಕಿತು. ಮೊನೆ ಆಚೆ ಏನನ್ನು ಮುಟ್ಟಿತು ಎಂದು ಅರಿಯುವ ಕೆಲಸ ಈಗಲೂ ಬಾಕಿಯಿದೆ. ಅದಕ್ಕೆ ಇಂದಿಗೂ ವೈದ್ಯರ ಅನುಭವವೇ ಆಧಾರ.

ಇನ್ನು ನಿಮ್ಮ ಕ್ಷೇತ್ರಕ್ಕೆ ಬರೋಣ. ಜಠರ ನೋಡುವ ಎಂಡೋಸ್ಕೋಪಿನ ಉದ್ದ ಒಂದು ಮೀಟರಿಗಿಂತ ತುಸು ಹೆಚ್ಚು, ದಪ್ಪ ಸುಮಾರು 10 ಮಿಲಿಮೀಟರ್, ಅದರ ಚಾನೆಲ್ ಸಾಮಾನ್ಯವಾಗಿ 2.8 ಮಿಲಿಮೀಟರ್. ಅದರೊಳಗೆ ಹೋಗುವುದು ಸೈಕಲ್ಲಿನ ಬ್ರೇಕ್ ಕೇಬಲ್‌ನಂಥದ್ದೇ ಒಂದು ಜೋಡಿ: ಸುರುಳಿ ಕವಚ, ಒಳಗೆ ತಂತಿ. ಬೆದರಿದ ಎತ್ತಿನ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ಹಿಡಿದರೆ ಹುಡುಗನೊಬ್ಬ ಅದನ್ನು ನಿಲ್ಲಿಸಬಲ್ಲ. ಅದೇ ನಿಯಮ ಇಲ್ಲಿ ನಮಗೆ ಎದುರಾಗಿ ನಿಲ್ಲುತ್ತದೆ. ಬಾಗಿದ ಕವಚದಲ್ಲಿ ಎಳೆಯುವ ಬಲ ನಷ್ಟವಾಗುವುದು ಒಟ್ಟು ಬಾಗಿದ ಕೋನಕ್ಕೆ ತಕ್ಕಂತೆ, ಅದೂ ಘಾತೀಯವಾಗಿ. ಘರ್ಷಣೆಯ ಗುಣಾಂಕ 0.15 ಎಂದಿಟ್ಟುಕೊಳ್ಳಿ. ಒಟ್ಟು 360 ಡಿಗ್ರಿ ಬಾಗಿದರೆ ತುದಿಯಲ್ಲಿ ಬೇಕಾದ ಬಲದ 2.6 ಪಟ್ಟನ್ನು ಹಿಡಿಯಲ್ಲಿ ಕೊಡಬೇಕು. 720 ಡಿಗ್ರಿಯಾದರೆ 6.6 ಪಟ್ಟು. ದೊಡ್ಡ ಕರುಳಿನ ತಿರುವುಗಳಲ್ಲಿ ಸುರುಳಿ ಬಿದ್ದ ಕೊಲೊನೋಸ್ಕೋಪಿಗೆ ಇಂಥ ಕೋನ ಅಪರೂಪವೇನಲ್ಲ. ಜಠರದಲ್ಲೂ ತುದಿಯೊಂದೇ 210 ಡಿಗ್ರಿ ಹಿಂದಕ್ಕೆ ಬಾಗಿ ತನ್ನ ಮೈಯನ್ನೇ ನೋಡುವಷ್ಟು ತಿರುಗುತ್ತದೆ.

ಒಂದು ಲೆಕ್ಕ ಮಾಡೋಣ. ಮೊನೆ ಗೋಡೆಯನ್ನು ದಾಟಲು 3 ನ್ಯೂಟನ್ ಬೇಕೆನ್ನಿ. ತೋಳಿನ ಕೀಲಿನಿಂದ ಮೊನೆಗೆ 8 ಮಿಲಿಮೀಟರ್. ತಂತಿ ಎಳೆಯುವ ಬಿಂದುವಿಗೆ ಜಾಗ ಸಿಗುವುದು 1.5 ಮಿಲಿಮೀಟರಿನಷ್ಟೇ. ಅಂದರೆ ತಂತಿಯ ತುದಿಯಲ್ಲಿ 16 ನ್ಯೂಟನ್. ಅದನ್ನು 6.6ರಿಂದ ಗುಣಿಸಿದರೆ ಹಿಡಿಯಲ್ಲಿ 100 ನ್ಯೂಟನ್ ದಾಟುತ್ತದೆ, ಹೆಚ್ಚುಕಡಿಮೆ 10 ಕಿಲೋ ತೂಕವನ್ನು ಬೆರಳುಗಳಲ್ಲಿ ಎಳೆದಂತೆ. ಬಲದ ಕಥೆ ಹೀಗಾದರೆ ಚಲನೆಯದು ಇನ್ನೂ ಕಷ್ಟ. ಅರ್ಧ ಮಿಲಿಮೀಟರ್ ದಪ್ಪದ, ಒಂದೂವರೆ ಮೀಟರ್ ಉದ್ದದ ಉಕ್ಕಿನ ತಂತಿ 50 ನ್ಯೂಟನ್ ಎಳೆತಕ್ಕೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಆ ತೋಳು 90 ಡಿಗ್ರಿ ತಿರುಗಲು ಬೇಕಾದ ತಂತಿಯ ಓಟವೇ 2.4 ಮಿಲಿಮೀಟರ್! ನೀವು ಹಿಡಿಯಲ್ಲಿ ಕೊಟ್ಟದ್ದನ್ನೆಲ್ಲ ತಂತಿಯೇ ನುಂಗಿಬಿಡಬಹುದು. ಸುರುಳಿ ಕವಚ ಒತ್ತಿಕೊಂಡು ಕುಗ್ಗುವುದು ಇನ್ನೂ ಬೇರೆ.

ಈ ಪಾಠ ನನಗೆ ಕಾಗದದ ಮೇಲೆ ಬರಲಿಲ್ಲ. ನಮ್ಮ ಎರಡನೆಯ ಮಾದರಿ ಪ್ರಯೋಗಾಲಯದ ಮೇಜಿನ ಮೇಲೆ ಒಂದೂ ತಪ್ಪಿಲ್ಲದೆ ನೂರು ಹೊಲಿಗೆ ಹಾಕಿತ್ತು. ಕೇಬಲ್ ಮೇಜಿನ ಮೇಲೆ ನೆಟ್ಟಗೆ ಮಲಗಿತ್ತು ಎಂಬುದನ್ನು ನಾವು ಗಮನಿಸಿರಲಿಲ್ಲ. ಆಸ್ಪತ್ರೆಯೊಂದರ ತರಬೇತಿ ಕೋಣೆಯಲ್ಲಿ ಹಂದಿಯ ಜಠರವನ್ನು ಅಚ್ಚಿನೊಳಗೆ ಜೋಡಿಸಿ, ಎಂಡೋಸ್ಕೋಪನ್ನು ಹಿಂದಕ್ಕೆ ಬಾಗಿಸಿ ವೈದ್ಯರು "ಹಾಕಿ" ಎಂದರು. ನಾನು ಹಿಡಿಯನ್ನು ಪೂರ್ತಿ ಒತ್ತಿದೆ. ಸೂಜಿ ಅಲುಗಲಿಲ್ಲ. ಅವರು ಚೆನ್ನಾಗಿ ಕಾಣಲೆಂದು ತುದಿಯನ್ನು ತುಸು ನೇರ ಮಾಡಿದರು. ತಂತಿಯಲ್ಲಿ ಕೂಡಿಟ್ಟುಕೊಂಡಿದ್ದ ಎಳೆತವೆಲ್ಲ ಒಂದೇ ಕ್ಷಣದಲ್ಲಿ ಬಿಡುಗಡೆಯಾಗಿ ಸೂಜಿ ಚಿಮ್ಮಿತು, ಗೋಡೆಯನ್ನು ತೂರಿ ಹಿಂದಿದ್ದ ಪ್ಲಾಸ್ಟಿಕ್ ತಟ್ಟೆಗೆ ಕಚ್ಚಿಕೊಂಡಿತು. ತಟ್ಟೆಯ ಜಾಗದಲ್ಲಿ ಒಬ್ಬ ಮನುಷ್ಯನ ಪಿತ್ತಕೋಶ ಇರಬಹುದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ನನ್ನ ಯಾವ ವಿನ್ಯಾಸವೂ ಎರಡು ವಿಷಯಗಳಿಲ್ಲದೆ ಮುಂದಕ್ಕೆ ಹೋಗುವುದಿಲ್ಲ. ಮಿತಿ ಮೀರಿದ ಬಲ ಒಳಕ್ಕೆ ಹೋಗದಂತೆ ಹಿಡಿಯಲ್ಲೇ ತಡೆಯುವ ವ್ಯವಸ್ಥೆ ಇರಬೇಕು. ಸೂಜಿಯ ಓಟವನ್ನು ನಿಲ್ಲಿಸುವ ಗಟ್ಟಿ ತಡೆ ತುದಿಯಲ್ಲೇ ಇರಬೇಕು, ಒಂದೂವರೆ ಮೀಟರ್ ದೂರದ ಹಿಡಿಯಲ್ಲಲ್ಲ.

ಬಲವನ್ನು ತುದಿಯಲ್ಲೇ ಸ್ಪ್ರಿಂಗಿನಲ್ಲಿ ಕೂಡಿಟ್ಟು ಬಿಡುಗಡೆ ಮಾಡಬಾರದೇಕೆ ಎಂದು ನಿಮಗೆ ಅನ್ನಿಸಬಹುದು. ಘರ್ಷಣೆಯ ಸಮಸ್ಯೆ ಅದರಿಂದ ಪರಿಹಾರವಾಗುತ್ತದೆ, ನಿಜ. ನನಗೆ ಅದು ಒಪ್ಪಿಗೆಯಿಲ್ಲ. ಸ್ಪ್ರಿಂಗ್ ಬಿಟ್ಟ ಸೂಜಿಯನ್ನು ಅರ್ಧ ದಾರಿಯಲ್ಲಿ ನಿಲ್ಲಿಸಲಾಗುವುದಿಲ್ಲ. ರೋಗಿ ಕೆಮ್ಮಿದರೆ, ಕರುಳು ಸಂಕುಚಿಸಿದರೆ, ವೈದ್ಯರಿಗೆ ಜಾಗ ತಪ್ಪೆನ್ನಿಸಿದರೆ ಸೂಜಿ ಬಂದ ದಾರಿಯಲ್ಲೇ ಹಿಂದಿರುಗುವಂತಿರಬೇಕು. ಕೀಲಿನ ಬಳಿ ರಾಟೆಯೋ ಸನ್ನೆಯೋ ಇಟ್ಟು ಬಲವನ್ನು ಹೆಚ್ಚಿಸುವುದು, ಕವಚಕ್ಕೆ ಜಾರುವ ಪಿಟಿಎಫ್‌ಇ (ಟೆಫ್ಲಾನ್) ಒಳಪದರ ಕೊಡುವುದು, ಎಳೆಯುವ ಬದಲು ತಿರುಗಿಸಿ ಬಲ ಸಾಗಿಸುವುದು, ಹೀಗೆ ದಾರಿಗಳಿವೆ. ನಿಮ್ಮಂಥವರ ಕೌಶಲ ಬೇಕಾಗಿರುವುದು ಇಲ್ಲೇ: 10 ಮಿಲಿಮೀಟರಿನ ಒಳಗೆ ಸನ್ನೆಯ ಉದ್ದವನ್ನು 1.5ರಿಂದ 2.5 ಮಿಲಿಮೀಟರಿಗೆ ಏರಿಸಿ ಕೊಟ್ಟರೆ ಮೇಲಿನ ಲೆಕ್ಕದ 100 ನ್ಯೂಟನ್ 60ರ ಆಸುಪಾಸಿಗೆ ಇಳಿಯುತ್ತದೆ. ತಂತಿಯ ಓಟ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬುದನ್ನೂ ಮರೆಯಬೇಡಿ.

ಎಡಗೈಯೇ ಬೇಡವೆನ್ನುವ ಇನ್ನೊಂದು ಪಂಥವಿದೆ. ಸುಶ್ರುತ ಸಂಹಿತೆಯಲ್ಲಿ ಕರುಳಿನ ಸೀಳಿನ ಎರಡೂ ಅಂಚುಗಳನ್ನು ಕೂಡಿಸಿ ಕಪ್ಪು ಇರುವೆಗಳಿಂದ ಕಚ್ಚಿಸಿ, ಮೈಯನ್ನು ಕಿತ್ತು ತಲೆಯನ್ನು ಮಾತ್ರ ಉಳಿಸುವ ವಿಧಾನ ಬರುತ್ತದೆ. ಇಂದಿನ ಕ್ಲಿಪ್ಪುಗಳು ಆ ಇರುವೆಯ ವಂಶದವು. ಚಾನೆಲ್ ಮೂಲಕ ಹೋಗುವ ಸಣ್ಣ ಕ್ಲಿಪ್ ಒಂದು ಸೆಂಟಿಮೀಟರಿಗಿಂತ ಚಿಕ್ಕ ತೂತಿಗೆ ಒಳ್ಳೆಯ ಉತ್ತರ, ಅಂಚುಗಳು ಮೃದುವಾಗಿ ಹತ್ತಿರ ಬರುವಂತಿದ್ದರೆ. ಅದಕ್ಕಿಂತ ದೊಡ್ಡದಕ್ಕೆ ಜರ್ಮನಿಯ ಟ್ಯೂಬಿಂಗೆನ್ ಊರಿನ ಓವೆಸ್ಕೊ ತಯಾರಿಸುವ, ಕರಡಿಯ ಹಿಡಿತದಂಥ ನಿಟಿನಾಲ್ (ಸ್ಪ್ರಿಂಗಿನಂತೆ ಮರಳುವ ಮಿಶ್ರಲೋಹ) ಕ್ಲಿಪ್ ಇದೆ. ಅದು ತುದಿಯ ಟೊಪ್ಪಿಯಿಂದ ಜಾರಿ ಗೋಡೆಯ ಪೂರ್ಣ ದಪ್ಪವನ್ನು ಕಚ್ಚುತ್ತದೆ. ಜಪಾನಿನ ಒಸಾಮು ಗೋಟೊ ಮತ್ತು ಸಂಗಡಿಗರು ಇನ್ನೊಂದು ತುದಿಗೆ ಹೋಗಿ, ಚಾನೆಲ್‌ನೊಳಗೆ ಹೋಗುವ ಬಾಗುವ ಸೂಜಿಹಿಡಿಯನ್ನೇ ರೂಪಿಸಿ, ಮುಳ್ಳುಳ್ಳ ದಾರದಿಂದ ಕೈಹೊಲಿಗೆಯನ್ನೇ ಹಾಕಿ ತೋರಿಸಿದರು. ಮುಳ್ಳುಗಳಿರುವುದರಿಂದ ದಾರಕ್ಕೆ ಗಂಟು ಬೇಡ. ಅದನ್ನು ನೋಡುವುದೇ ಒಂದು ಆನಂದ. ಕಲಿಯಲು ಮಾತ್ರ ಬಹಳ ತಾಳ್ಮೆ ಬೇಕು.

ನಿಮ್ಮ ಚಿಕ್ಕಪ್ಪನವರ ಸಂದರ್ಭಕ್ಕೆ ಇವುಗಳಲ್ಲಿ ಯಾವುದು ಒದಗುತ್ತಿತ್ತು? ತೂತು ಎಷ್ಟು ದೊಡ್ಡದಿತ್ತು, ಕರುಳಿನ ಯಾವ ಭಾಗದಲ್ಲಿತ್ತು, ಕರುಳು ಎಷ್ಟು ಶುಚಿಯಾಗಿತ್ತು, ಉದರಕ್ಕೆ ಮಲ ಸೋರಿತ್ತೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಂದು ಹೊಟ್ಟೆ ಕೊಯ್ದದ್ದು ಅವರ ಜೀವವನ್ನು ಉಳಿಸಿದ ಸರಿಯಾದ ನಿರ್ಧಾರವೇ ಆಗಿರಬಹುದು. ವಿನ್ಯಾಸಗಾರನಾಗಿ ನಾನು ಗಮನಿಸುವುದು ಬೇರೊಂದು ಅಂಶ. ಟೊಪ್ಪಿಯಲ್ಲಿ ಕೂರಿಸುವ ಯಾವುದೇ ಸಾಧನಕ್ಕೆ ಕೊಲೊನೋಸ್ಕೋಪನ್ನು ಪೂರ್ತಿ ಹೊರತೆಗೆದು, ಸಾಧನ ಜೋಡಿಸಿ, ಮತ್ತೆ ಅಷ್ಟೂ ದೂರ ಹೋಗಬೇಕು. ಬಲಬದಿಯ ಕರುಳಾದರೆ ಆ ತುದಿಭಾರ ಹೊತ್ತು ತಲುಪುವುದೇ ಕಷ್ಟ. ಅಷ್ಟು ಹೊತ್ತೂ ಅನಿಲ ಉದರಕ್ಕೆ ಸೋರುತ್ತಲೇ ಇರುತ್ತದೆ. ಬೇಗ ಹೀರಿಹೋಗುವ ಇಂಗಾಲದ ಡೈಆಕ್ಸೈಡ್ ಬಳಸಿದರೆ ಅಪಾಯ ಕಡಿಮೆ, ಇಲ್ಲವಾಗುವುದಿಲ್ಲ. ಆದ್ದರಿಂದಲೇ ಎಂಡೋಸ್ಕೋಪನ್ನು ಕದಲಿಸದೆ ಚಾನೆಲ್ ಮೂಲಕ ಹೋಗುವ ಸಾಧನಗಳಲ್ಲಿ ನನಗೆ ಹೆಚ್ಚು ಭರವಸೆ. ಎಕ್ಸ್-ಟ್ಯಾಕ್ ಎಂಬುದು ಅಂಥದ್ದು: ಒಂದೇ ದಾರದಲ್ಲಿ ಪೋಣಿಸಿದ ನಾಲ್ಕು ಸಣ್ಣ ಸ್ಕ್ರೂಗಳನ್ನು ತೂತಿನ ಸುತ್ತ ಒಂದೊಂದಾಗಿ ತಿರುಪಿ, ಕೊನೆಗೆ ದಾರ ಎಳೆದರೆ ಚೀಲದ ಬಾಯಿಯಂತೆ ಅಂಚುಗಳು ಕೂಡುತ್ತವೆ. ಎರಡೂ ಅಂಚುಗಳನ್ನು ಒಟ್ಟಿಗೆ ಹಿಡಿಯಬೇಕಾದ ಕಷ್ಟವನ್ನು ಇದು ತಪ್ಪಿಸಿತು: ಮೊದಲು ಮೊಳೆ, ಆಮೇಲೆ ಎಳೆತ. ಎಡಗೈ ಇಲ್ಲದವರು ಹೊಲಿಯಬೇಕಾದರೆ ಹೀಗೆಯೇ ಯೋಚಿಸಬೇಕು ಎಂದು ನನಗೆ ಅನ್ನಿಸುತ್ತದೆ. ಸ್ಕ್ರೂ ಗೋಡೆಯ ಪೂರ್ಣ ದಪ್ಪವನ್ನು ಹಿಡಿಯುವುದಿಲ್ಲ ಎಂಬ ಮಿತಿ ಇದ್ದೇ ಇದೆ.

ದಾರದ ವಿಷಯವನ್ನು ಎಂಜಿನಿಯರುಗಳು ಕೊನೆಗೆ ಬಿಡುತ್ತಾರೆ. ಅದು ತಪ್ಪು. ಗಾಯದ ಅಂಚಿನ ಬಲ ಮೊದಲ ದಿನಗಳಲ್ಲಿ ಹೆಚ್ಚುವುದಿಲ್ಲ, ಕುಗ್ಗುತ್ತದೆ. ಹಳೆಯ ಕೊಲಾಜೆನ್ ಕರಗಿ ಹೊಸದು ಕಟ್ಟುವ ಮೂರು ನಾಲ್ಕನೆಯ ದಿನಗಳು ಅತ್ಯಂತ ದುರ್ಬಲ. ಆ ದಿನಗಳಲ್ಲಿ ಹೊರೆಯೆಲ್ಲ ದಾರದ್ದೇ. ಪಾಲಿಪ್ರೊಪಿಲೀನ್ ದಾರ ಕರಗುವುದಿಲ್ಲ, ಬ್ಯಾಕ್ಟೀರಿಯಾಗಳನ್ನು ಬತ್ತಿಯಂತೆ ಹೀರುವುದಿಲ್ಲ, ಆದರೆ ಸುತ್ತಿಟ್ಟ ಆಕಾರವನ್ನು ನೆನಪಿಟ್ಟುಕೊಂಡು ಗಂಟನ್ನು ಬಿಚ್ಚಲು ನೋಡುತ್ತದೆ. ಪಾಲಿಡೈಯಾಕ್ಸನೋನ್ ಕರಗುತ್ತದೆ, ನಾಲ್ಕು ವಾರದ ಹೊತ್ತಿಗೂ ಅರ್ಧದಷ್ಟು ಬಲ ಉಳಿಸಿಕೊಂಡಿರುತ್ತದೆ. ಬಳಕೆಯಲ್ಲಿರುವ 2-0 ಅಳತೆಯ ದಾರದ ದಪ್ಪ 0.3 ಮಿಲಿಮೀಟರ್ ದಾಟುತ್ತದೆ, ಅದಕ್ಕಿಂತ ತೆಳುವಾದರೆ ಬೆಣ್ಣೆಯನ್ನು ತಂತಿ ಕೊಯ್ದಂತೆ ಗೋಡೆಯನ್ನು ಕೊಯ್ಯುವ ಭಯ. ಗಂಟು ಹಾಕುವುದು ಒಳಗೆ ಕಷ್ಟವಾದ್ದರಿಂದ ದಾರವನ್ನು ಸಣ್ಣ ಕೊಳವೆಯಲ್ಲಿ ಕೀಲು ಜಡಿದು ಬಿಗಿದು, ಉಳಿದದ್ದನ್ನು ಕತ್ತರಿಸುತ್ತೇವೆ. ಎಷ್ಟು ಬಿಗಿಯಬೇಕು? ಅಂಚುಗಳು ಮುಟ್ಟುವಷ್ಟು. ಅದಕ್ಕಿಂತ ಹೆಚ್ಚಾದರೆ ರಕ್ತ ಹರಿಯದೆ ಅಂಚು ಕಪ್ಪಾಗಿ ಸಾಯುತ್ತದೆ, ಸುಂದರವಾಗಿ ಮುಚ್ಚಿದ ತೂತು ಐದನೆಯ ದಿನ ದೊಡ್ಡದಾಗಿ ತೆರೆದುಕೊಳ್ಳುತ್ತದೆ. ಬಿಗಿತ ಮಿತಿ ಮುಟ್ಟಿದಾಗ ತಾನೇ ಜಾರುವ ಬಿಗಿಕೀಲೊಂದನ್ನು ಯಾರಾದರೂ ಅಗ್ಗವಾಗಿ ಮಾಡಿಕೊಟ್ಟರೆ ಅದು ದೊಡ್ಡ ಉಪಕಾರ. ಹಳೆಯ ನಾಳವ್ರಣಗಳ (ಫಿಸ್ಟುಲಾ, ಮುಚ್ಚದೆ ಉಳಿದು ಕೊಳವೆಯಂತಾದ ತೂತು) ವಿಷಯ ಬೇರೆ. ಅವುಗಳ ಒಳಗೆ ಚರ್ಮ ಕಟ್ಟಿದಂತೆ ಪದರ ಬೆಳೆದಿರುತ್ತದೆ, ಅದನ್ನು ಸುಟ್ಟು ಕೆರೆಯದೆ ಎಷ್ಟು ಚೆನ್ನಾಗಿ ಹೊಲಿದರೂ ಕೂಡುವುದಿಲ್ಲ, ಕೆರೆದು ಹೊಲಿದರೂ ಎಷ್ಟೋ ಸಲ ಮತ್ತೆ ತೆರೆಯುತ್ತವೆ. ನಿಮ್ಮ ಮೊದಲ ಗುರಿ ಹೊಸ ತೂತೇ ಇರಲಿ.

ಎಂಡೋಸ್ಕೋಪಿ ಕೋಣೆಯಲ್ಲಿ ಒಂದು ಇಡೀ ದಿನ ಗೋಡೆಗೊರಗಿ ನಿಲ್ಲಿ. ವೈದ್ಯರ ಎಡಗೈ ಚಕ್ರಗಳ ಮೇಲೆ, ಬಲಗೈ ಎಂಡೋಸ್ಕೋಪಿನ ಮೈಮೇಲೆ. ಕ್ಲಿಪ್ ತೆರೆಯುವುದು, ಮುಚ್ಚುವುದು ಪಕ್ಕದಲ್ಲಿ ನಿಂತ ನರ್ಸ್ ಅಥವಾ ಟೆಕ್ನಿಷಿಯನ್. ನೀವು ಹಿಡಿಯಲ್ಲಿ ಎಷ್ಟೇ ಸೂಕ್ಷ್ಮವಾದ ಸ್ಪರ್ಶ ಕೊಟ್ಟರೂ ಅದು ತಲುಪುವುದು ಪರದೆ ನೋಡುತ್ತಿರುವ ವೈದ್ಯರಿಗಲ್ಲ, ಅವರ ಮಾತಿಗೆ ಕಾಯುತ್ತಿರುವ ಆ ಸಹಾಯಕರಿಗೆ. ಹಂತಗಳು ನಾಲ್ಕಕ್ಕಿಂತ ಹೆಚ್ಚಾದರೆ ರಾತ್ರಿ ಎರಡು ಗಂಟೆಗೆ ಯಾರೋ ಒಂದನ್ನು ಮರೆಯುತ್ತಾರೆ. ಮತ್ತು ಯಾವ ಚಿತ್ರ ಬರೆಯುವ ಮೊದಲೂ ಒಂದು ಪ್ರಶ್ನೆಗೆ ಉತ್ತರ ಬರೆದಿಡಿ: ಸೂಜಿ ಗೋಡೆಯಲ್ಲಿ ಅರ್ಧ ಹೊಕ್ಕಿರುವಾಗ ತಂತಿ ತುಂಡಾದರೆ ಈ ಸಾಧನ ಹೊರಗೆ ಬರುವುದು ಹೇಗೆ? ಬರಲು ದಾರಿಯಿಲ್ಲದ ಸಾಧನ ರೋಗಿಗೆ ಎರಡನೆಯ ಅಪಘಾತ.

ಪರೀಕ್ಷೆಗೆ ಹಂದಿಯ ಜಠರ ಮತ್ತು ಕರುಳನ್ನು ತಾಜಾ ಸ್ಥಿತಿಯಲ್ಲೇ ಬಳಸಿ. ಹೆಪ್ಪುಗಟ್ಟಿಸಿ ಕರಗಿಸಿದ ಗೋಡೆಯ ಗುಣ ಬದಲಾಗುತ್ತದೆ. ಮುಚ್ಚಿದ ಮೇಲೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ, ಸೈಕಲ್ ಅಂಗಡಿಯಲ್ಲಿ ಟ್ಯೂಬಿನ ಪಂಕ್ಚರ್ ಹುಡುಕುವಂತೆ ಗುಳ್ಳೆ ಬರುವ ಒತ್ತಡವನ್ನು ಅಳೆಯಿರಿ. ಪಕ್ಕದಲ್ಲೇ ಅನುಭವಿ ಶಸ್ತ್ರಚಿಕಿತ್ಸಕರು ಕೈಯಲ್ಲಿ ಹೊಲಿದ ತುಂಡೂ ಇರಲಿ, ಹೋಲಿಕೆ ಅದರೊಡನೆ. ಆಮೇಲೆ ಜೀವಂತ ಪ್ರಾಣಿ, ಅದಕ್ಕೆ ನೈತಿಕ ಸಮಿತಿಯ ಅನುಮತಿ. ಕಾನೂನಿನ ಹಾದಿ 2017ರ ವೈದ್ಯಕೀಯ ಸಾಧನಗಳ ನಿಯಮಗಳದು. ಸಾಧನಗಳನ್ನು ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತಾರೆ. ದೇಹದಲ್ಲಿ ಉಳಿಯುವ ಅಥವಾ ಕರಗುವ ದಾರ ಇರುವುದರಿಂದ ನಿಮ್ಮದು ಮೇಲಿನ ವರ್ಗಗಳಿಗೆ ಸೇರುತ್ತದೆಂದು ಮೊದಲೇ ತಿಳಿದು ನಡೆಯಿರಿ. ಅಪಾಯ ನಿರ್ವಹಣೆಯ ಐಎಸ್‌ಒ 14971, ಗುಣಮಟ್ಟದ ಐಎಸ್‌ಒ 13485, ದೇಹಹೊಂದಾಣಿಕೆಯ ಐಎಸ್‌ಒ 10993 ಇವುಗಳನ್ನು ಕೊನೆಗೆ ಓದುವ ಬದಲು ಮೊದಲ ವಾರವೇ ಓದಿ.

ಬೆಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಥ ಸಾಧನಗಳು ಹೊರದೇಶದಿಂದ ಬರುತ್ತವೆ, ಒಮ್ಮೆ ಬಳಸಿ ಎಸೆಯಲೆಂದೇ ಮಾಡಿದವು. ಅಪರೂಪಕ್ಕೊಮ್ಮೆ ಬೇಕಾಗುವ ಈ ದುಬಾರಿ ವಸ್ತುವನ್ನು ಜಿಲ್ಲಾ ಮಟ್ಟದ ಆಸ್ಪತ್ರೆ ಕಪಾಟಿನಲ್ಲಿ ತರಿಸಿಡುವುದಿಲ್ಲ, ತೂತಾದ ಹೊತ್ತಿಗೆ ತರಿಸಲು ಸಮಯವಿರುವುದಿಲ್ಲ. ಹಿಡಿಯನ್ನು ಶುದ್ಧೀಕರಿಸಿ ಮರುಬಳಸುವಂತೆಯೂ, ಒಳಗೆ ಹೋಗುವ ಕೇಬಲ್ ಮತ್ತು ಸೂಜಿಯನ್ನು ಮಾತ್ರ ಎಸೆಯುವಂತೆಯೂ ಮಾಡಿ. ಎಸೆಯಬೇಕಾದ್ದನ್ನು ಯಾರೂ ತೊಳೆದು ಮತ್ತೆ ಬಳಸಲಾಗದಂತೆ ರಚನೆಯಲ್ಲೇ ತಡೆಯಿರಿ. ತೆಳು ಸುರುಳಿ ಕವಚದ ಒಳಗೆ ಸೇರಿದ ರಕ್ತವನ್ನು ಯಾವ ಬ್ರಷ್ಷೂ ತೆಗೆಯಲಾರದು.

ಎಲ್ಲಿಂದ ಶುರು ಮಾಡಬೇಕೆಂದು ಕೇಳಿದ್ದೀರಿ. ಲೇತ್ ಮುಟ್ಟುವ ಮೊದಲು ಮಾಂಸದಂಗಡಿಯಿಂದ ಹಂದಿಯ ಜಠರ ಒಂದನ್ನು ತನ್ನಿ. ಡಬ್ಬದೊಳಗೆ ಹರಡಿ ಕಟ್ಟಿ, ಒಂದು ಸೆಂಟಿಮೀಟರ್ ಸೀಳಿ. ಎರಡು ಮೀಟರ್ ಸೈಕಲ್ ಬ್ರೇಕ್ ಕೇಬಲ್‌ನ ತುದಿಗೆ ಸಣ್ಣ ಇಕ್ಕಳ ಬೆಸೆಯಿರಿ, ಕೇಬಲನ್ನು ಬಕೆಟ್ಟಿನ ಸುತ್ತ ಎರಡು ಸುತ್ತು ಸುತ್ತಿ. ನಿಮ್ಮ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಸಿಕೊಳ್ಳಿ. ಡಬ್ಬದೊಳಗೆ ಕಣ್ಣಿಡದೆ ಮೊಬೈಲ್ ಕ್ಯಾಮೆರಾದ ಪರದೆಯನ್ನು ಮಾತ್ರ ನೋಡುತ್ತ ಆ ಸೀಳಿನ ಎರಡು ಅಂಚುಗಳನ್ನು ಒಂದೇ ಸಲಕ್ಕೆ ಹಿಡಿಯಲು ನೋಡಿ. ಸೂಜಿ, ದಾರ ಏನೂ ಬೇಡ, ಹಿಡಿದರೆ ಸಾಕು. ಪ್ರತಿ ಸಲ ಅಂಚು ಜಾರಿದಾಗ ಯಾವ ಪದರ ಕೈಗೆ ಬಂದಿತ್ತು, ಯಾವುದು ತಪ್ಪಿಸಿಕೊಂಡಿತು ಎಂದು ಬರೆದಿಡಿ. ನೂರು ಪ್ರಯತ್ನಗಳ ಆ ಪಟ್ಟಿಯನ್ನು ನನಗೆ ಕಳುಹಿಸಿ. ನಿಮ್ಮ ಸಾಧನದ ತುದಿ ಹೇಗಿರಬೇಕೆಂಬ ಮಾತನ್ನು ಅದನ್ನು ಮುಂದಿಟ್ಟುಕೊಂಡೇ ಆಡೋಣ.